ಸುಳ್ಳು ಸಾವು ಬಡಿದ ಕೈ

ಊರಿನ್ನೂ ಮುಸುಕಿನೊಳಗಿದೆ. ಚರ್ಚಿನ ಪಕ್ಕದ ತಗಡಿನ ಮಾಡಿನ ಕೆಳಗೆ ವಿಲಿಸೋನಿ ಬಗ್ಗಿ ನಿಂತು, ನಗಾರಿಯೊಳಗೆ ಬಿದ್ದ ಒಣ ಎಲೆಗಳನ್ನೂ ಒಂದು ಕಪ್ಪೆಯನ್ನೂ ಹೊರಗೆ ಹಾಕುತ್ತಿದ್ದಾರೆ. ದಪ್ಪನೆಯ ಮರದ ದಿಮ್ಮಿಯನ್ನು ದೋಣಿಯ ಹಾಗೆ ಕೊರೆದು ಮಾಡಿದ ನಗಾರಿ ಇದು. ಚರ್ಮದ ಹೊದಿಕೆಯಿಲ್ಲ, ಮರಕ್ಕೆ ಮರವೇ ಬಡಿಯಬೇಕು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡು ಎರಡು ಕೋಲು ಎತ್ತುತ್ತಾರೆ. ಸದ್ದು ಮನೆಗಳ ಮೇಲೆ ಹಾಯ್ದು ಕೊಲ್ಲಿಯ ನೀರಿನ ಮೇಲೆ ಸಾಗುತ್ತದೆ. ನಮ್ಮ ದ್ವೀಪದ ಊರು ನಾಸೌಲೇವಿನಲ್ಲಿ ಎಲ್ಲರ ಬೆಳಗಿನ ಪ್ರಾರ್ಥನೆ ಶುರುವಾಗುವುದು ಹೀಗೆ.

ಮೂರನೇ ಮನೆಯ ಕಿಟಕಿಯಿಂದ ಒಂದು ಮುದಿ ದನಿ ಕೇಳುತ್ತದೆ. "ಭಾವಾ, ಇವತ್ತು ಯಾರನ್ನ ಸಾಯಿಸ್ತಿದೀಯೋ?"

"ನಿನ್ನನ್ನಂತೂ ಅಲ್ಲ. ಒಂದ್ಸಲ ಸಾಯಿಸಿ ಅನುಭವಿಸಿದ್ದು ಸಾಕು," ಎನ್ನುತ್ತಾರೆ ವಿಲಿಸೋನಿ, ಬಡಿಯುವುದನ್ನು ನಿಲ್ಲಿಸದೆ.

ಕಿಟಕಿಯಲ್ಲಿರುವವರು ಇಲಾಯ್ತಿಯಾ. ವಿಲಿಸೋನಿಗೆ ಸೋದರಮಾವನ ಮಗ, ವಯಸ್ಸಿನಲ್ಲಿ ಬಹಳ ದೊಡ್ಡವರು. ನಮ್ಮಲ್ಲಿ ಭಾವಂದಿರು ಒಬ್ಬರನ್ನೊಬ್ಬರು ಎಷ್ಟು ಕಾಲೆಳೆದರೂ ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಆದರೆ ಅದಕ್ಕೂ ಒಂದು ಗೆರೆಯಿದೆ. ಆ ಗೆರೆಯನ್ನು ವಿಲಿಸೋನಿ ಕುಡಿದ ಅಮಲಿನಲ್ಲಿ ಒಂದು ಸಲ ದಾಟಿದ್ದರು.

ನಗಾರಿಗೆ ಒಂದೊಂದು ಸುದ್ದಿಗೆ ಒಂದೊಂದು ಬಡಿತ. ಪ್ರಾರ್ಥನೆಯದು ಬೇರೆ, ಊರ ಸಭೆಯದು ಬೇರೆ, ಸಾವಿನದು ಬೇರೆಯೇ. ಸಾವಿನ ಬಡಿತ ಕೇಳಿದರೆ ಎದುರು ದಡದ ವತುಲೋವಾ ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು, ಚಾಪೆಗಳನ್ನು ಸುತ್ತಿಕೊಂಡು ದೋಣಿ ಹತ್ತುತ್ತಾರೆ. ನಮಗೂ ಅವರಿಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಆ ದಿನ ಹತ್ತು ಜನರ ಮುಂದೆ ಇಲಾಯ್ತಿಯಾ, ವಿಲಿಸೋನಿಯ ಬಲೆಗೆ ಮೀನಿಗಿಂತ ತೂತುಗಳೇ ಹೆಚ್ಚು ಬೀಳುತ್ತವೆ ಎಂದು ನಗೆಯಾಡಿದ್ದರು. ರೊಚ್ಚಿಗೆದ್ದ ವಿಲಿಸೋನಿ ನೇರ ಹೋಗಿ ಸಾವಿನ ಬಡಿತ ಬಡಿದು, ಸತ್ತದ್ದು ಇಲಾಯ್ತಿಯಾ ಎಂದುಬಿಟ್ಟರು.

ಮುಂದಿನದನ್ನು ವತುಲೋವಾದ ಹಿರಿಯಮ್ಮ ಮೆರೆವಲೇಸಿಯ ಬಾಯಲ್ಲೇ ಕೇಳಬೇಕು. "ಗಾಳಿ ಅಂದ್ರೆ ಗಾಳಿ. ಒಂದು ದೋಣಿ ಮಗುಚ್ತು. ಜನ ಬದುಕಿದ್ದು ದೇವರ ದಯೆ. ನನ್ನಮ್ಮ ನೇಯ್ದ ಚಾಪೆ ಸಮುದ್ರದ ಪಾಲಾಯ್ತು. ಒದ್ದೆ ಬಟ್ಟೇಲಿ ಅಳ್ತಾ ಅಳ್ತಾ ಮೇಲೆ ಬಂದ್ರೆ, ಹೆಣಾನೇ ಬಾಗಿಲಲ್ಲಿ ನಿಂತ್ಕೊಂಡು, 'ಏನು, ಎಲ್ಲಾ ಸೇರಿ ಬಂದಿದೀರಿ' ಅಂತು."

ಈಗ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂದು ಯಾರೂ ನಗಲಿಲ್ಲ. ಇನ್ನು ನಾಸೌಲೇವಿನ ನಗಾರಿಯನ್ನು ನಂಬುವುದಿಲ್ಲ, ಸಾವಾದರೆ ಒಬ್ಬ ಮನುಷ್ಯ ಬಂದು ಹೇಳಬೇಕು ಎಂದು ವತುಲೋವಾ ಮುಖ ತಿರುಗಿಸಿತು. ಅಜ್ಜಂದಿರ ಕಾಲದಿಂದ ನಡೆದುಬಂದ ನಂಬಿಕೆ ಒಂದೇ ದಿನದಲ್ಲಿ ಮುರಿಯಿತು. ನಮಗಾದ ಅವಮಾನ ಅಷ್ಟಿಷ್ಟಲ್ಲ. ವಿಲಿಸೋನಿಗೆ 'ಸುಳ್ಳುಸಾವು' ಎಂದೇ ಹೆಸರಾಯಿತು. ಅವರು ಊರು ಬಿಟ್ಟು ರಾಜಧಾನಿ ಸುವಾದ ಬಂದರಿನಲ್ಲಿ ಮೂಟೆ ಹೊತ್ತರು, ಕುಡಿದರು, ಜಗಳಾಡಿದರು.

ಕೆಲವು ವರ್ಷಗಳ ನಂತರ ಒಂದು ಶನಿವಾರ ವಿಲಿಸೋನಿ ಊರಿಗೆ ಮರಳಿ, ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಇಲಾಯ್ತಿಯಾರ ಬಾಗಿಲಲ್ಲಿ ತಲೆ ತಗ್ಗಿಸಿ ಕುಳಿತರು. ನಮ್ಮಲ್ಲಿ ಕ್ಷಮೆ ಕೇಳುವುದು ಹಾಗೆಯೇ. ಒಳಗಿನವರು ಹಲ್ಲನ್ನು ಮುಟ್ಟದಿದ್ದರೆ ಎದ್ದು ಹೋಗಬೇಕು. ಇಲಾಯ್ತಿಯಾ ಬಹಳ ಹೊತ್ತು ಕಾಯಿಸಿದರು. ಆಮೇಲೆ ಕೈಚಾಚಿ ತೆಗೆದುಕೊಂಡು, "ನನ್ನನ್ನ ಸಾಯಿಸ್ದೆ, ನಾನು ಎದ್ದೆ. ಈಗ ನಿನ್ನ ಸರದಿ. ಆ ಹಳೇ ವಿಲಿಸೋನಿ ಸಾಯ್ಲಿ. ನಾಳೆ ಚರ್ಚಲ್ಲಿ ನನ್ನ ಪಕ್ಕ ಕೂತ್ಕೋ," ಎಂದರು.

"ಅವ್ನು ಕ್ಷಮಿಸ್ದ, ನಿಜ," ಎನ್ನುತ್ತಾರೆ ವಿಲಿಸೋನಿ. "ಆದ್ರೆ ನಮ್ ಭಾವಂದು ಅಷ್ಟು ದೊಡ್ಡ ಮನಸ್ಸಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ಇವನಿಗೆ ಇದು ಎಲ್ಲಿಂದ ಬಂತಪ್ಪಾ ಅಂತ ಹುಡುಕ್ತಾ ಹೋದೆ. ಹುಡುಕ್ತಾ ಹುಡುಕ್ತಾ ಯೇಸುವಿನ ಹತ್ರ ಬಂದು ನಿಂತೆ. ಅವನು ನನ್ನ ಸುಳ್ಳುಸಾವು ಅಂತ ಕರೀಲಿಲ್ಲ. ಮಗನೇ ಅಂದ. ಆಮೇಲೆ ಕುಡಿಯೋಕೂ ಮನಸ್ಸಾಗ್ಲಿಲ್ಲ, ಓಡಿಹೋಗೋಕೂ ಆಗ್ಲಿಲ್ಲ."

ಅದಾಗಿ ಕೆಲವೇ ದಿನಗಳಲ್ಲಿ ಊರಲ್ಲೊಂದು ಸಾವಾಯಿತು. ವತುಲೋವಾಕ್ಕೆ ಯಾರು ಹೋಗುತ್ತೀರಿ ಎಂದು ಪಾದ್ರಿಗಳು ಕೇಳಿದಾಗ ಎಲ್ಲರೂ ನೆಲ ನೋಡಿದರು. ಕೈಯೆತ್ತಿದ್ದು ವಿಲಿಸೋನಿ. ಆಚೆ ದಡದಲ್ಲಿ ಮೆರೆವಲೇಸಿ ಅವರನ್ನು ಮೊಣಕಾಲುದ್ದದ ನೀರಿನಲ್ಲೇ ನಿಲ್ಲಿಸಿದರು. "ಹೆಣಾನ ನೀನೇ ನೋಡಿದ್ಯಾ?"

"ನೋಡ್ದೆ."

"ಮುಟ್ಟಿದ್ಯಾ?"

"ಸ್ನಾನ ಮಾಡಿಸಿದ್ದೇ ನಾನು, ಅಮ್ಮ."

ಅಂದಿನಿಂದ ಪ್ರತಿ ಸಾವಿಗೂ ಅವರದೇ ದೋಣಿ. ಎರಡನೇ ಸಲ ಮೇಲೆ ಬರಲು ಬಿಟ್ಟರು, ಆಮೇಲೆ ನಿಂಬೆ ಎಲೆಯ ಚಹಾ ಸಿಕ್ಕಿತು, ಆಮೇಲೆ ವತುಲೋವಾದ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವೂ ಹೆಗಲಿಗೆ ಬಿತ್ತು. ಪ್ರಾರ್ಥನೆಗೆ ವಿಲಿಸೋನಿಯೇ ನಗಾರಿ ಬಡಿಯಲಿ ಎಂದು ನಮ್ಮ ಹಿರಿಯರು ಒಪ್ಪಿಕೊಂಡರು. ಸಾವಿನ ಬಡಿತ ಮಾತ್ರ ಇಲಾಯ್ತಿಯಾರ ಕೈಯಲ್ಲೇ ಉಳಿಯಿತು. ಅವರು ಬಡಿದರೂ ಆಚೆ ದಡ ಕದಲುತ್ತಿರಲಿಲ್ಲ. ವಿಲಿಸೋನಿ ಹೋಗಿ ಹೇಳಬೇಕಿತ್ತು.

ಈಗ ಬೆಳಗಿನ ಪ್ರಾರ್ಥನೆ ಮುಗಿದರೆ ನಾಲ್ಕೈದು ಮನೆ ಸುತ್ತುತ್ತಾರೆ. ಒಬ್ಬ ವಿಧವೆಗೆ ಸೌದೆ, ಹಾಸಿಗೆ ಹಿಡಿದವರಿಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಸೊಪ್ಪು, ಒಂದು ಕೀರ್ತನೆ. ದನಿ ಅಷ್ಟೇನೂ ಚೆನ್ನಾಗಿಲ್ಲ ಎಂದು ರೋಗಿಗಳೇ ದೂರುತ್ತಾರೆ. "ಬೇಗ ವಾಸಿಯಾಗ್ಲಿ ಅಂತಾನೇ ಹಾಡ್ತೀನಿ," ಎನ್ನುವುದು ಅವರ ಉತ್ತರ. ಅವರ ಆಸೆಯೇನೆಂದು ಕೇಳಿದರೆ ದೋಣಿಗೆ ಹೊಸ ಎಂಜಿನ್ ಕೇಳಬಹುದು ಎಂದುಕೊಂಡಿದ್ದೆ. "ನಗಾರಿ ಕೇಳಿ, ನಾನು ಹೋಗಿ ಹೇಳ್ದೇನೇ ವತುಲೋವಾದವ್ರು ಬರ್ಬೇಕು. ನಾನು ಕೆಡಿಸಿದ್ದು ಅದೊಂದನ್ನ ನೆಟ್ಟಗಾಗಿ ನೋಡ್ಬೇಕು," ಎಂದರು.

ಈ ಮಾತಾಡಿದ ಮರುವಾರವೇ ಇಲಾಯ್ತಿಯಾರ ಅಕ್ಕ ಸೇನಿಮಿಲಿ ತೀರಿಕೊಳ್ಳುತ್ತಾರೆ. ಮರಿಮಕ್ಕಳನ್ನು ಕಂಡ ಜೀವ, ನಿದ್ದೆಯಲ್ಲೇ ಹೋಗಿದೆ. ನಾನು ಚರ್ಚಿನ ಬಳಿ ಬರುವಾಗ ಇಲಾಯ್ತಿಯಾ ನಗಾರಿಯ ಮುಂದೆ ಕೋಲು ಹಿಡಿದು ನಿಂತಿದ್ದಾರೆ, ಕೈ ಏಳುತ್ತಿಲ್ಲ. ಕೊನೆಗೆ ಕೋಲುಗಳನ್ನು ವಿಲಿಸೋನಿಯ ಎದೆಗೆ ಒತ್ತುತ್ತಾರೆ. "ನೀನೇ ಬಡಿ, ಭಾವ. ನನ್ನಕ್ಕನಿಗೆ ನೀನೇ ಬಡಿ."

ವಿಲಿಸೋನಿ ಹಿರಿಯರತ್ತ ನೋಡುತ್ತಾರೆ. ಯಾರೂ ಬೇಡವೆನ್ನುವುದಿಲ್ಲ. ಬಡಿಯುತ್ತಾರೆ. ಮುಗಿದ ಮೇಲೆ ಕೋಲು ಇಟ್ಟು, ಸಾವಿನ ಮನೆಗೆ ಹೋಗಿ ಮುಖ ನೋಡಿ ಬಂದು, ಎಂದಿನಂತೆ ದಡಕ್ಕಿಳಿದು ಎಂಜಿನ್‌ಗೆ ಪೆಟ್ರೋಲ್ ತುಂಬಿ ದೋಣಿಯ ಹಗ್ಗ ಬಿಚ್ಚುತ್ತಾರೆ. ಅಷ್ಟರಲ್ಲಿ ಕೊಲ್ಲಿಯ ನಡುವೆ ಒಂದು ದೋಣಿ ಕಾಣುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲೇ. ಮುಂದಿನ ದೋಣಿಯಲ್ಲಿ ಕಪ್ಪು ಬಟ್ಟೆಯ ಮೆರೆವಲೇಸಿ, ಮಡಿಲಲ್ಲಿ ಸುತ್ತಿದ ಚಾಪೆ.

"ಯಾರೂ ಹೇಳೋಕೆ ಬಂದಿರ್ಲಿಲ್ಲವಲ್ಲ," ಎನ್ನುತ್ತೇನೆ ಅವರ ಕೈಹಿಡಿದು ಇಳಿಸುತ್ತಾ.

"ದಿನಾ ಬೆಳಿಗ್ಗೆ ನಮ್ಮನ್ನೂ ಪ್ರಾರ್ಥನೆಗೆ ಎಬ್ಬಿಸೋ ಕೈ ಅದು. ಗೊತ್ತಾಗಲ್ವಾ?" ಎಂದು ಅವರು ಕಣ್ಣೊರೆಸಿಕೊಂಡು ಸಾವಿನ ಮನೆಯತ್ತ ನಡೆಯುತ್ತಾರೆ.

ವಿಲಿಸೋನಿ ಬಿಚ್ಚಿದ ಹಗ್ಗವನ್ನು ಹಿಡಿದು ನೀರಿನಲ್ಲೇ ನಿಂತಿದ್ದಾರೆ. ಗಲ್ಲದ ಮೇಲೆ ಕಣ್ಣೀರು, ಮುಖದ ತುಂಬ ನಗು. ಇಲಾಯ್ತಿಯಾ ನಿಧಾನ ನಡೆದು ಬಂದು ಅವರ ಭುಜ ಹಿಡಿಯುತ್ತಾರೆ.

"ಪೆಟ್ರೋಲ್ ಉಳೀತು, ಭಾವ," ಎನ್ನುತ್ತಾರೆ ವಿಲಿಸೋನಿ.