ಆ ಮಿಷನ್ ಮುಟ್ಟಿಲ್ಲ ಅಂದಿದ್ದೆ

ತಂಗಿಯ ಪರವಾಗಿ ಒಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟೇ ಆಗಿದ್ದರೆ ಹೇಡಿ ಅನ್ನಿಸಿಕೊಂಡು ಸುಮ್ಮನಿರಬಹುದಿತ್ತು. ನಾನು ಎಲ್ಲರೆದುರು ಸುಳ್ಳು ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆವತ್ತು ಅಲ್ಲಿ ಕೂತು ನಕ್ಕವರ ಮೇಲೂ ಸಿಟ್ಟಿದೆ, ಆದರೆ ಅವರದು ಆಮೇಲಿನ ಮಾತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚನ್ನಗಿರಿಯ ಲಾರಿ ಮಾಲೀಕರ ಸಂಘದಲ್ಲಿ ನಾನು ಪಾಳಿ ಬರೆಯುವ ಗುಮಾಸ್ತ. ಬಂದ ಲಾರಿಯ ನಂಬರನ್ನು ಕರಿಹಲಗೆಯ ಮೇಲೆ ಬರೆಯುವುದು, ಲೋಡು ಬಂದಾಗ ಮೇಲಿನ ನಂಬರಿನ ಲಾರಿಯನ್ನು ಕಳಿಸಿ ಒರೆಸುವುದು. ಪಾಳಿ ಬಂದರೂ ಲೋಡು ಬೇಡ ಅಂದವನ ನಂಬರು ಹಲಗೆಯ ಕೊನೆಗೆ ಹೋಗುತ್ತಿತ್ತು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಇಂಥವೇ ಹಲಗೆಗಳು. ಒಂದೂರಿನ ಹಲಗೆ ಇನ್ನೊಂದೂರಿಗೆ ಕಾಣುವುದಿಲ್ಲವಲ್ಲ. ಜಗಳೂರಿನಲ್ಲಿ ಶೇಂಗಾ ಚೀಲಗಳು ಲಾರಿ ಕಾಯುತ್ತಾ ಬಿದ್ದಿರುತ್ತಿದ್ದವು, ಅಲ್ಲೇ ಪಕ್ಕದಲ್ಲಿ ಗೊಬ್ಬರ ಇಳಿಸಿದ ನಮ್ಮ ಲಾರಿ ಖಾಲಿ ವಾಪಸು ಬರುತ್ತಿತ್ತು. ನಾಲ್ಕೂ ಊರಿನ ಸಂಘದವರು ಸೇರಿ ಕಂಪ್ಯೂಟರ್ ತರಿಸಿ, ಎಲ್ಲರಿಗೂ ಒಂದೇ ಪ್ರೋಗ್ರಾಂ ಬರೆಸಿ, ಪಾಳಿಯ ಪಟ್ಟಿಯನ್ನು ಫ್ಲಾಪಿಯಲ್ಲಿ ಊರಿಂದೂರಿಗೆ ಕಳಿಸುವುದೆಂದು ತೀರ್ಮಾನಿಸಿದರು.

ಬರೆಯಲು ಇಬ್ಬರನ್ನು ಕರೆದರು. ಒಬ್ಬಳು ದಾವಣಗೆರೆಯಲ್ಲಿ ಕಂಪ್ಯೂಟರ್ ಕಲಿತಿದ್ದ ನನ್ನ ತಂಗಿ. ಇನ್ನೊಬ್ಬ ಹೊನ್ನಾಳಿಯ ಹುಡುಗ, ನಮ್ಮ ಅಧ್ಯಕ್ಷರ ಅಕ್ಕನ ಮಗ. ಇಬ್ಬರೂ ಕೂಡಿ ಕೆಲಸ ಮಾಡಬೇಕಿತ್ತು. ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವುದು ಅನ್ನುವುದರಲ್ಲೇ ಜಗಳ ಶುರುವಾಯಿತು. ಇವಳು ಡಿಬೇಸ್ ಅಂದಳು, ಅವನು ಕೋಬಾಲ್ ಅಂದ.

ಮೊದಲ ಕಂಪ್ಯೂಟರ್ ನಮ್ಮ ಆಫೀಸಿಗೇ ಬಂತು. ತಂಗಿ ಡಿಬೇಸಿನಲ್ಲಿ ಒಂದು ಮಾದರಿ ಬರೆದು ನನ್ನನ್ನು ಮುಂದೆ ಕೂರಿಸಿದಳು. ನನಗೆ ಓದಲು ಬರಲೆಂದು ಇಂಗ್ಲಿಷ್ ಅಕ್ಷರದಲ್ಲೇ ಪಾಳಿ, ಕೊನೆ ಅಂತ ಕನ್ನಡದ ಹೆಸರುಗಳನ್ನು ಹಾಕಿದ್ದಳು. ಲೋಡು ಬೇಡ ಅಂದ ಲಾರಿ ಅದರಲ್ಲಿ ಪೂರಾ ಮಾಯವಾಗುತ್ತಿತ್ತು. "ಹಿಂಗಲ್ಲ, ಕೊನೇಗೆ ಹೋಗಬೇಕು" ಅಂದೆ. "ನೀನೇ ತಿದ್ದು" ಅಂತ ಆ ಸಾಲು ತೋರಿಸಿದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ತಿದ್ದಿದೆ. ಲಾರಿ ಕೊನೆಗೆ ಹೋಯಿತು. ಅವಳಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು.

ಮುಂದಿನ ವಾರ ನಾಲ್ಕೂ ಊರಿನ ಮಾಲೀಕರು ನಮ್ಮಲ್ಲಿ ಸಭೆ ಸೇರಿದರು.

"ಕೋಬಾಲ್ ಬ್ಯಾಂಕು ನಡೆಸೋ ಭಾಷೆ ರೀ. ಡಿಬೇಸ್ ಕಿರಾಣಿ ಅಂಗಡಿಗೆ ಸರಿ" ಅಂದ ಹೊನ್ನಾಳಿಯವನು.

"ನಮ್ದು ಬ್ಯಾಂಕಲ್ಲ" ಅಂದಳು ತಂಗಿ. "ಜಗಳೂರಾಗೆ ಏನಾರ ಕೆಟ್ರೆ ಅಲ್ಲಿ ಗುಮಾಸ್ತರೇ ಓದಿ ತಿದ್ದೋ ಹಂಗಿರಬೇಕು. ನೀವು ದಿನಾ ಬಸ್ಸು ಹತ್ತಿ ಹೋಗ್ತೀರಾ?"

"ಗುಮಾಸ್ತರ ಕೈಗೆ ಪ್ರೋಗ್ರಾಂ ಕೊಡೋದೂ ಒಂದೇ, ಕ್ಲೀನರ್ ಕೈಗೆ ಸ್ಟೇರಿಂಗ್ ಕೊಡೋದೂ ಒಂದೇ."

ಮಾಲೀಕರೆಲ್ಲ ಗೊಳ್ಳೆಂದು ನಕ್ಕರು.

"ನಿಮ್ಮ ಡ್ರೈವರ್‌ಗಳೆಲ್ಲ ಮೊದ್ಲು ಕ್ಲೀನರ್‌ಗಳೇ ಅಲ್ವೇನ್ರಿ?" ಅಂದಳು.

"ಹುಡುಗಿ ಬಾಯಿ ಜೋರೈತೆ" ಅಂದರು ಯಾರೋ.

ಅಧ್ಯಕ್ಷರು ಕೇಳಿದರು: "ಗುಮಾಸ್ತರು ತಿದ್ತಾರೆ ಅನ್ನಾಕೆ ಏನಮ್ಮ ಗ್ಯಾರಂಟಿ?"

"ನಮ್ಮಣ್ಣ ಓದಿದ್ದು ಏಳನೇ ಕ್ಲಾಸು. ಅವನೇ ಕೂತು ತಿದ್ದಿದಾನೆ. ಕೇಳ್ರಿ ಬೇಕಾದ್ರೆ."

ನಾನು ಎಸ್ಸೆಸ್ಸೆಲ್ಸಿ ಪಾಸು ಅಂತ ಅವರೆಲ್ಲ ತಿಳಿದಿದ್ದರು. ಹಾಗಂತ ಹೇಳಿಯೇ ನಾನು ಆ ಕೆಲಸಕ್ಕೆ ಸೇರಿದ್ದು. ತಂಗಿಗೆ ಅದು ಗೊತ್ತಿರಲಿಲ್ಲ. ಜಗಳೂರಿನ ಮಾಲೀಕರೊಬ್ಬರು ನನ್ನ ಕಡೆ ತಿರುಗಿ, "ಏನಪ್ಪಾ, ಏಳನೇ ಕ್ಲಾಸಾ? ತಂಗಿ ಹತ್ರ ಅಆಇಈ ತಿದ್ದಾಕತ್ತೀಯೇನು?" ಅಂದರು. ಮತ್ತೆ ನಗು. ಆ ಗಳಿಗೆಯಲ್ಲಿ ಸಿಟ್ಟು ಬಂದದ್ದು ನಕ್ಕವರ ಮೇಲಲ್ಲ, ಅವಳ ಮೇಲೆ.

"ನನ್ನ ಓದು ಇವಳಿಗೇನು ಗೊತ್ತು. ಆ ಮಿಷನ್ ನಾನು ಮುಟ್ಟೇ ಇಲ್ಲ ರೀ" ಅಂದೆ.

ಅವಳು ನನ್ನನ್ನು ನೋಡಿದಳು. ತನ್ನ ಕಾಗದಗಳನ್ನು ಮಡಚಿಟ್ಟಳು. ಕೋಬಾಲ್ ಆಯಿತು. ಸುಳ್ಳು ಹೇಳುವ ಹುಡುಗಿಯ ಜೊತೆ ಕೆಲಸ ಆಗದು ಎಂದ ಹೊನ್ನಾಳಿಯವನ ಮಾತಿಗೆ ಅಧ್ಯಕ್ಷರು ತಲೆಯಾಡಿಸಿದರು. ಹೆಣ್ಣುಮಗಳು, ಬಾಯಿ ಜೋರು, ಈಗ ಸುಳ್ಳಿ ಬೇರೆ. ಹೊರಗೆ ಹಾಕಲು ಅವರಿಗೆ ಒಂದು ನೆಪ ಬೇಕಿತ್ತು, ಅದನ್ನು ನಾನೇ ಒದಗಿಸಿದೆ.

ಅವಳು ನ್ಯಾಮತಿಯಲ್ಲಿ ಟೈಪಿಂಗ್ ಹೇಳಿಕೊಡಲು ಸೇರಿದಳು. ಕೋಬಾಲ್ ಪ್ರೋಗ್ರಾಂ ಸುಮಾರಾಗಿ ನಡೆಯಿತು. ಏನಾದರೂ ತಿದ್ದಬೇಕಾದರೆ ಹೊನ್ನಾಳಿಯವನು ಬರುವ ತನಕ ಎಲ್ಲರೂ ಕಾಯುತ್ತಿದ್ದರು. ಅದು ಪೂರಾ ಕೆಟ್ಟು ನಿಂತಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇ? ಇಲ್ಲ. ಭಾಷೆ ಯಾವುದಾದರೇನು, ನನ್ನ ಮಾತು ಸುಳ್ಳಲ್ಲವೇ.

ಕೊನೆಗೊಮ್ಮೆ ನ್ಯಾಮತಿಗೆ ಹೋಗಿ ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳು ತಡೆದಳು.

"ಕೋಬಾಲೇ ಬೇಕು ಅಂದಿದ್ರೆ ಅದನ್ನೂ ಕಲ್ತು ಬರೀತಿದ್ದೆ ಅಣ್ಣ. ಸೋತಿದ್ದಕ್ಕೆ ಸಿಟ್ಟಿಲ್ಲ. ನಂಗ್ಯಾಕೆ ಹೇಳಾಕೆ ಬಂದೆ? ನಿಜ ಏನಂತ ನಂಗೆ ಗೊತ್ತೈತೆ. ನನ್ನ ಸುಳ್ಳಿ ಅಂದೋರು ಚನ್ನಗಿರಿ ಸಭೆಯಾಗವರೆ."

ನಾಲ್ಕೂ ಊರಿನವರ ಮುಂದಿನ ಸಭೆಗೆ ಅವಳನ್ನು ಕರೆದುಕೊಂಡು ಹೋದೆ. ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬಿಗಿಯಾಗಿ ಕೂತಳು. ಬಾಡಿಗೆ ದರದ ಮಾತು ನಡೆದಿತ್ತು. ಎದ್ದು ನಿಂತೆ. ಕೂರು ಅಂದರು, ಕೂರಲಿಲ್ಲ.

"ನಾನು ಓದಿದ್ದು ಏಳನೇ ಕ್ಲಾಸೇ ರೀ. ಆ ಮಿಷನ್ ಮುಂದೆ ಕೂತು ತಿದ್ದಿದ್ದೂ ನಾನೇ. ಕೆಲಸದಾಗೆ ಇಟ್ಕೊಳ್ರಿ, ಬಿಡ್ರಿ. ಆವತ್ತು ಸುಳ್ಳು ಹೇಳಿದ್ದು ನಾನು, ಇವಳಲ್ಲ" ಅಂದೆ. ಆಮೇಲೆ ಅವಳ ಕಡೆ ತಿರುಗಿದೆ. "ತಪ್ಪು ನಂದು ತಂಗಿ. ಇವರೆಲ್ಲರ ಮುಂದೆ ಹೇಳ್ತಿದೀನಿ, ನನ್ನ ಕ್ಷಮಿಸು."