ಬೂಟು ಬಿಚ್ಚಿ ಹತ್ತಿದ ಗುಡ್ಡೆ

ಬಂದ ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದರೆ ಕಪ್ಪು ಬಂತು. ಹೆದರಿ ಪಕ್ಕದವನನ್ನು ನೋಡಿದೆ. ಅವನೂ ಕಪ್ಪು ಉಗುಳಿ ನನ್ನತ್ತ ಹಲ್ಲು ಕಿರಿದ. ಧೂಳು ನನಗೆ ಹೊಸದಲ್ಲ. ಬೇಸಿಗೆಯಲ್ಲಿ ಗೋಳಗುಮ್ಮಟದ ಕಡೆಯಿಂದ ಗಾಳಿ ಎದ್ದು ಜೋರಾಪುರ ಪೇಟೆಯ ಅಂಗಡಿಗಳಿಗೆಲ್ಲ ಮಣ್ಣು ಎರಚಿದರೆ, ಮುಖ ಒರೆಸಿಕೊಂಡು ವ್ಯಾಪಾರ ಮುಂದುವರಿಸುವ ಜನ ನಾವು. ನಮ್ಮ ಧೂಳು ಒರೆಸಿದರೆ ಹೋಗುತ್ತದೆ. ಬಿಹಾರದ ಈ ಕಲ್ಲಿದ್ದಲ ಧೂಳು ಎದೆಯೊಳಗೆ ಇಳಿದು ಸಂಸಾರ ಹೂಡುತ್ತದೆ.

ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಘೋಣಸಗಿಯ ನಾನು ವಿಜಾಪುರದ ರಸ್ತೆ ಕೆಲಸದಲ್ಲಿ ಮಣ್ಣು ಪರೀಕ್ಷೆ ಕಲಿತು, ಅದೇ ವಿದ್ಯೆ ಹಿಡಿದು ಇಲ್ಲಿಗೆ ಬಂದೆ. ಇಲ್ಲಿಯವರಿಗೆ ನಾನು ಮದ್ರಾಸಿ. ವಿಜಾಪುರ ಎಲ್ಲಿದೆ ಎಂದು ಹೇಳಿ ಹೇಳಿ ಸಾಕಾಗಿ ಆ ಹೆಸರಿಗೇ ಓಗೊಡತೊಡಗಿದೆ.

ಗಣಿಯಲ್ಲಿ ಕಲ್ಲಿದ್ದಲಿನ ಮೇಲಿನ ಮಣ್ಣು, ಕಲ್ಲು ಎಲ್ಲವನ್ನೂ ಕಿತ್ತು ಗುಡ್ಡದಂತೆ ಒಟ್ಟುತ್ತಾರೆ. ಆ ಗುಡ್ಡೆ ಎಷ್ಟು ಬಿಗಿಯಾಗಿ ಕುಳಿತಿದೆ ಎಂದು ನೋಡುವುದು ನನ್ನ ಕೆಲಸ. ಸಣ್ಣ ಕುಣಿ ತೋಡಿ, ತೆಗೆದ ಮಣ್ಣು ತೂಗಿ, ಕುಣಿಗೆ ಒಣ ಮರಳು ಸುರಿದು, ಎಷ್ಟು ಹಿಡಿಯಿತು ಎಂದು ಲೆಕ್ಕ ಹಾಕಬೇಕು. ಗುಡ್ಡೆ ಸಡಿಲಿದ್ದರೆ ಒಳಗೆ ಗಾಳಿ ಹೊಕ್ಕು ಉಳಿದ ಕಲ್ಲಿದ್ದಲು ತಾನಾಗಿ ಹೊತ್ತಿಕೊಳ್ಳುತ್ತದೆ. ಮಳೆ ಬಂದರೆ ಜಾರುತ್ತದೆ.

ಅಂಥ ಗುಡ್ಡೆಯ ಬುಡದಲ್ಲೇ ನಮಗೆ ಮನೆ ಕೊಟ್ಟಿದ್ದರು. ಧೌಡಾ ಎನ್ನುತ್ತಾರೆ, ಒಂದೇ ಗೋಡೆಗೆ ಅಂಟಿದ ಕೂಲಿಕಾರರ ಸಾಲುಮನೆ. ನಮ್ಮ ಟಿಕೋಟಾ ಕಡೆ ದನದ ಕೊಟ್ಟಿಗೆಗೆ ಇದಕ್ಕಿಂತ ಹೆಚ್ಚು ಗಾಳಿ ಆಡುತ್ತದೆ. ಗಂಧಕದ ನಾತ, ಚರಂಡಿಯ ನಾತ, ಎರಡೂ ಬೆರೆತು ಉಣ್ಣುವ ತಾಟಿಗೇ ಬಂದು ಕೂರುತ್ತಿದ್ದವು. ಪಕ್ಕದ ಮನೆಯ ಫೂಲಮತಿ ಸತ್ತೂ ತಂದುಕೊಟ್ಟಳು: ಹುರಿಗಡಲೆ ಹಿಟ್ಟಿಗೆ ಉಪ್ಪು, ಉಳ್ಳಾಗಡ್ಡಿ ಹಾಕಿ ನೀರಲ್ಲಿ ಕಲಸಿ ಹಾಗೇ ತಿನ್ನುವುದು. ಬಬಲೇಶ್ವರದ ಹೆಣ್ಣುಮಗಳು ನನ್ನ ಹೆಂಡತಿ ಶಾಂತವ್ವ, ಜೋಳದ ರೊಟ್ಟಿ ಮರೆತು ಅದನ್ನು ಬೇಗ ಒಗ್ಗಿಸಿಕೊಂಡಳು. ನನಗೆ ಇಂದಿಗೂ ಗಂಟಲಲ್ಲಿ ಇಳಿಯದು.

ನಮ್ಮ ಸಾಹೇಬನಿಗೆ ಒಂದು ಚಾಳಿ. ಪರೀಕ್ಷೆಯನ್ನೆಲ್ಲ ಗುಡ್ಡೆಯ ನೆತ್ತಿಯ ಲಾರಿ ದಾರಿಯಲ್ಲೇ ಮಾಡಿಸುತ್ತಿದ್ದ. ಲಾರಿ ತುಳಿದು ತುಳಿದು ಅಲ್ಲಿ ನೆಲ ಕಲ್ಲಾಗಿರುತ್ತಿತ್ತು. ಮಳೆಗಾಲ ಹತ್ತಿರ ಬಂದಾಗ ನಾನು ಹಟ ಹಿಡಿದು, ನಮ್ಮ ಸಾಲುಮನೆಗಳ ಮೇಲಿನ ಇಳಿಜಾರಿಗೆ ಹೋದೆ. ಹೋದವನು ಬೂಟು ಬಿಚ್ಚಿದೆ. ಊರಲ್ಲಿ ಕಣ ಮಾಡುವಾಗ ನೀರು ಹೊಡೆದು, ಎತ್ತು ತುಳಿಸಿ, ಸೆಗಣಿ ಸಾರಿಸಿ, ಬಿಗಿಯಾಯಿತೇ ಎಂದು ಹಿಮ್ಮಡಿ ಊರಿ ನೋಡುತ್ತೇವೆ. ಕಾಲಲ್ಲಿ ಕೆರ ಇಟ್ಟುಕೊಂಡು ಕಣ ತುಳಿಯುವವರುಂಟೇ? ಬಿಗಿ ನೋಡಬೇಕಾದ ನೆಲ ಎಂದಕೂಡಲೇ ಕೈ ತಾನಾಗಿ ಬೂಟಿಗೆ ಹೋಗಿತ್ತು.

ಹಿಮ್ಮಡಿ ಊರಿದೆ. ಚರ್ಮ ಸುಟ್ಟಿತು.

ಕುಂಟುತ್ತಲೇ ಅಲ್ಲಿ ಕುಣಿ ತೋಡಿದೆ. ಹೊಗೆ ಎದ್ದಿತು. ಸುರಿದ ಮರಳು ನಿಲ್ಲದೆ ಒಳಗಿನ ಪೊಳ್ಳಿಗೆ ಇಳಿದು ಹೋಯಿತು. ಸಾಹೇಬ ನನ್ನ ಬೊಬ್ಬೆ ಎದ್ದ ಪಾದ ನೋಡಿ, "ಇದೇನು ನಿಮ್ಮೂರ ದೇವಸ್ಥಾನವೇ, ಬೂಟು ಬಿಚ್ಚಲು? ನಾಳೆ ಮೇಲಿನ ದಾರಿಯಲ್ಲಿ ಪರೀಕ್ಷೆ ಮಾಡು" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಎಲೆ ಅಡಿಕೆ ತುಂಬಿದ ಆ ಬಾಯಿ ಕಂಡು ಅಸಹ್ಯವಾಯಿತು.

ಮನೆಯಲ್ಲಿ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದ ಶಾಂತವ್ವ, ಇಳಿಜಾರಿನ ನೆಲ ಒಳಗಿಂದ ಕಾದ ಸುದ್ದಿ ಕೇಳಿ ಕೈ ತಡೆದಳು. "ಅದಕ್ಕ ಏನ್ರೀ, ಹಿತ್ತಲ ಸಾರಿಸಿ ತಿರುಗೂದ್ರಾಗ ಒಣಗತೈತಿ! ಛಲೋ ಆತು ಅಂತ ನಾ ಹಿಗ್ಗಾಕತ್ತಿದ್ದೆ."

"ಸಾಹೇಬಗ ಹೇಳೇನಿ."

"ಕೇಳ್ಯಾನೇನು?"

"ಇಲ್ಲ."

"ಹಂಗಾರ ನಾ ಹೇಳ್ತೇನಿ ತಡೀರಿ."

ಅವಳಿಗೆ ಬರುತ್ತಿದ್ದ ಹಿಂದಿ ಅಷ್ಟಕ್ಕಷ್ಟೇ. ಮೊದಲು ಫೂಲಮತಿಯ ರಟ್ಟೆ ಹಿಡಿದು ಎಳೆದೊಯ್ದು ಹಿತ್ತಲ ನೆಲಕ್ಕೆ ಅವಳ ಅಂಗೈ ಒತ್ತಿಸಿದಳು. "ಹಾಥ್ ರಖೋ," ಕೈ ಇಡು, ಅಷ್ಟೇ ಮಾತು. ಹಾಗೆಯೇ ಮನೆಯಿಂದ ಮನೆಗೆ. ಸಂಜೆಯ ಹೊತ್ತಿಗೆ ಹೆಂಗಸರೆಲ್ಲ ಮಕ್ಕಳು, ಕೋಳಿ, ಪಾತ್ರೆ ಸಮೇತ ಸಂತೆಯ ಛಾವಣಿ ಕೆಳಗೆ ಹೋಗಿ ಕೂತರು. ಗಂಡಸರು ಬೈಯುತ್ತ ಹಿಂದೆ ಹೋದರು.

ಮೊದಲ ದೊಡ್ಡ ಮಳೆಗೆ ಗುಡ್ಡೆ ಜಾರಿತು. ಸಾಲಿನ ಒಂದು ಮನೆಯೂ ಉಳಿಯಲಿಲ್ಲ. ಜೀವ ಒಂದೂ ಹೋಗಲಿಲ್ಲ. ಆ ರಾಡಿಯಲ್ಲಿ ನಮ್ಮ ರೊಟ್ಟಿ ಹಂಚು ಹುಡುಕುತ್ತಿದ್ದಾಗ ಸಾಹೇಬ ಛತ್ರಿ ಹಿಡಿದು ಬಂದು, "ಜಾರಿದ ಮಣ್ಣು ಈಗ ಗಟ್ಟಿಯಾಗಿ ಕುಳಿತಿರುತ್ತದೆ. ಇಲ್ಲೇ ಪರೀಕ್ಷೆ ಮಾಡಿಬಿಡು" ಎಂದ. ಅವನನ್ನು ಬೈಯಲು ಸಾಕಾಗುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲೇ ಬೈದೆ. ಅರ್ಥವಾಯಿತೆಂದು ಅವನ ಮುಖವೇ ಹೇಳಿತು.

ಹೇಸಿಗೆ ಎಂದು ಬಿಟ್ಟು ಬರಬಹುದಿತ್ತು. ಬೇರೆ ಗುಡ್ಡೆಗಳ ಬುಡದಲ್ಲೂ ಇಂಥವೇ ಸಾಲುಮನೆಗಳಿವೆ, ಬಿಡಲು ಮನಸ್ಸಾಗಲಿಲ್ಲ. ಈಗ ಇಳಿಜಾರುಗಳಲ್ಲೇ ಕುಣಿ ತೋಡುತ್ತೇನೆ. ಆಮೇಲೆ ಕೊಟ್ಟ ಹೊಸ ಸಾಲುಮನೆಯಲ್ಲೂ ಫೂಲಮತಿ ನಮ್ಮ ನೆರೆಯವಳೇ.

ಹೋದ ಸುಗ್ಗಿಗೆ ಊರಿಗೆ ಬಂದಿದ್ದೆವು. ಟಿಕೋಟಾದಲ್ಲಿ ಮೋಟಾರು ಇಳಿದು ನಡೆದು ನೇರ ಹೊಲಕ್ಕೇ ಹೋದೆವು. ಅಪ್ಪ ಹೊಸ ಕಣ ಮಾಡಿದ್ದ.

"ಬೂಟ್ ಬಿಚ್ಚಪಾ, ಕಣ ಅದು."

ಬಿಚ್ಚಿದೆ. ಆದರೆ ಕಾಲಿಡುವ ಮೊದಲು ಬಗ್ಗಿ ನೆಲಕ್ಕೆ ಕೈ ಇಟ್ಟೆ. ಬೆಳಗಿನ ಮಣ್ಣು ತಣ್ಣಗಿತ್ತು.

"ಏನ್ ನೋಡಾಕತ್ತೀಲೇ? ನೆಲಕ್ಕ ಜ್ವರ ಬಂದೈತೇನು?" ಎಂದು ಅಪ್ಪ ನಕ್ಕ.

ನಾನೂ ನಗಲು ನೋಡಿ ಶಾಂತವ್ವನ ಕಡೆ ತಿರುಗಿದೆ. ಅವಳು ಕುಕ್ಕರಗಾಲಲ್ಲಿ ಕುಳಿತು, ಕಣದ ಮೇಲೆ ಅಂಗೈ ಒತ್ತಿ ಇಟ್ಟಿದ್ದಳು.