ಆರ್ಡಿಸಳ ಗಾಳಿದೋಣಿ

ಬಿಟರ್‌ರೂಟ್ ಕಣಿವೆಯ ಗಂಡಸರಿಗೆ ಅಕ್ಟೋಬರ್ ಮುಗಿಯುತ್ತ ಬಂದಂತೆ ಕಾಲು ನಿಲ್ಲುವುದಿಲ್ಲ. ಜಿಂಕೆ ಬೇಟೆಯ ಕಾಲ ಶುರುವಾಯಿತೆಂದರೆ ಮನೆಗೆ ಬೆಂಕಿ ಬಿದ್ದರೂ ಬಂದೂಕು ಹೆಗಲಿಗೇರಿಸಿ ಬೆಟ್ಟ ಹತ್ತಿಬಿಡುತ್ತಾರೆ. ಲೈಲ್ ಕ್ವಾಮಿ ಕೂಡ ಅದೇ ಗುಂಪಿನವನು. ಅವನ ಹೆಂಡತಿ ಆರ್ಡಿಸ್ ತನ್ನ ಮೀನು ಹಿಡಿಯುವ ದೋಣಿಯನ್ನು ಚಳಿಗಾಲಕ್ಕೆ ಎತ್ತಿಡುತ್ತಿದ್ದದ್ದೂ ಸರಿಯಾಗಿ ಅದೇ ವಾರ. ಹಾಗಾಗಿ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ಕೆಲಸ ಹೇಗೆ ನಡೆಯುತ್ತದೆಂದು ಲೈಲ್ ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಬೆಟ್ಟ ಇಳಿದು ಬಂದಾಗ ಗ್ಯಾರೇಜಿನ ತೊಲೆಗೆ ದೋಣಿ ನೇತಾಡುತ್ತಿರುವುದು ಕಾಣಿಸುತ್ತಿತ್ತು, ಅಷ್ಟೇ. ಹೊಡೆದು ತಂದ ಜಿಂಕೆಯನ್ನು ನೇತುಹಾಕುವುದಕ್ಕೂ ಅದೇ ತೊಲೆ ಬೇಕು. ಜಗಳ ಅಲ್ಲಿಂದ ಶುರು.

"ಇದೇನು ಗ್ಯಾರೇಜೋ, ಹಡಗಿನ ಬಂದರೋ?"

"ನಿನ್ನ ಜಿಂಕೆ ಒಂದು ವಾರ ತೂಗಾಡಿ ಫ್ರೀಜರಿಗೆ ಹೋಗುತ್ತೆ. ನನ್ನ ದೋಣಿ ಎಲ್ಲಿಗೆ ಹೋಗ್ಬೇಕು, ನಿನ್ನ ತಲೆ ಮೇಲಕ್ಕಾ?"

ಜಿಂಕೆ ಪ್ರತಿ ವರ್ಷವೂ ಬಾಗಿಲ ಪಕ್ಕದ ತುದಿಗೆ ಸರಿಯುತ್ತಿತ್ತು. ಲೈಲ್ ಪ್ರತಿ ವರ್ಷವೂ ಗೊಣಗುತ್ತಿದ್ದ.

ಆರ್ಡಿಸ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬೇಯಿಸಿ ಬಡಿಸುವ ಕೆಲಸದಲ್ಲಿದ್ದವಳು. ದಿನವಿಡೀ ತಟ್ಟೆಗಳ ಸದ್ದು, ಮಕ್ಕಳ ಕಿರುಚಾಟ, ತೊಟ್ಟಿಯಂಥ ಪಾತ್ರೆಗಳಲ್ಲಿ ಸೌಟು ತಿರುಗಿಸಿ ತಿರುಗಿಸಿ ಸೋತ ಕೈ. ನಲವತ್ತು ದಾಟಿದ ಮೇಲೆ ಯಾರದೋ ಮನೆಯಂಗಳದ ಹಳೆ ಸಾಮಾನಿನ ಮಾರಾಟದಲ್ಲಿ ಈ ದೋಣಿ ಕಣ್ಣಿಗೆ ಬಿತ್ತು. ಗಾಳಿ ತುಂಬುವ ಉದ್ದನೆಯ ಎರಡು ಕೊಳವೆಗಳು, ನಡುವೆ ಕಬ್ಬಿಣದ ಚೌಕಟ್ಟು, ಅದರ ಮೇಲೊಂದು ಕುರ್ಚಿ. ಕುಳಿತರೆ ಕಾಲುಗಳು ನೀರಿನಲ್ಲೇ ಇರುತ್ತವೆ. ಬಾತುಕೋಳಿಯ ಪಾದದಂಥ ರಬ್ಬರಿನ ಪಾದ ಕಟ್ಟಿಕೊಂಡು ಒದ್ದರೆ ದೋಣಿ ಹೇಳಿದ ಕಡೆ ಹೋಗುತ್ತದೆ. ಗಾಳ ಹಿಡಿಯಲು ಕೈಗಳು ಬಿಡುವಾಗಿರುತ್ತವೆ. ಕುರ್ಚಿ ಒಂದೇ ಇದ್ದದ್ದು ಅವಳಿಗೆ ಬಹಳ ಹಿಡಿಸಿತು. ಟ್ರೌಟ್ ಮೀನು ಸಿಕ್ಕರೆ ಬಾಯಿಂದ ಕೊಕ್ಕೆ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಮೀನಿಗಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ದೋಣಿಯನ್ನು ಎತ್ತಿಡುವುದರಲ್ಲಿ ಮಾತ್ರ ಅವಳು ಮಹಾ ಹಟಮಾರಿ. ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ಸೋಪು ಕಲಸಿ ಮೂಲೆಮೂಲೆ ತಿಕ್ಕಬೇಕು. ಹನಿ ತೇವ ಉಳಿಯದಂತೆ ಒಣಗಿಸಬೇಕು. ದೋಣಿಯ ಪಕ್ಕದ ಜೇಬುಗಳಲ್ಲಿ ಬಿಸ್ಕತ್ತಿನ ಪುಡಿ ಉಳಿದರೆ ಇಲಿಗಳನ್ನು ಕರೆದು ಔತಣ ಕೊಟ್ಟಂತೆ. ಕೊನೆಗೆ ಅರ್ಧ ಗಾಳಿ ತುಂಬಿ, ಹಳೆಯ ತಲೆದಿಂಬಿನಷ್ಟು ಮೆತ್ತಗೆ ಇರುವಾಗ ಅಗಲ ಪಟ್ಟಿಗಳಲ್ಲಿ ತೂಗುಹಾಕಬೇಕು. ಮಡಚಿಟ್ಟರೆ ಚಳಿಗೆ ಮಡಿಕೆಗಳಲ್ಲೇ ಸೀಳುತ್ತದೆ. ಮತ್ತೆ ನದಿಗೆ ಹೋಗುವ ಮನಸ್ಸಿಲ್ಲದವರು ಮಾತ್ರ ದೋಣಿ ಮಡಚುತ್ತಾರೆ ಎಂದು ಅವಳು ಹೇಳುತ್ತಿದ್ದಳು.

ಈ ವರ್ಷ ಅವಳ ಬಲ ಹೆಗಲು ಕೈಕೊಟ್ಟಿತು. ಒಳಗಿನ ನರವೋ ಸ್ನಾಯುವೋ ಹರಿದಿದೆ, ಹೊಲಿಯಬೇಕು ಎಂದರು ಡಾಕ್ಟರು. ಹೊಲಿದ ಮೇಲೂ ಭಾರ ಎತ್ತುವಂತಿಲ್ಲ, ಎಂದೆಂದಿಗೂ. ಕಾಲಿಗೇನೂ ಆಗಿರಲಿಲ್ಲ, ನದಿಯಲ್ಲಿ ಒದೆಯಬಹುದಿತ್ತು. ಆದರೆ ಟ್ರಕ್ಕಿನಿಂದ ದೋಣಿ ಇಳಿಸಿ ನೀರಿನವರೆಗೆ ಹೊರುವವರು ಯಾರು? ಲೈಲನಿಗೆ ಈಜು ಬಾರದು, ಮೊಣಕಾಲುದ್ದ ನೀರು ಕಂಡರೂ ಅವನ ಮುಖ ಬೆಳ್ಳಗಾಗುತ್ತದೆ. ಅವನನ್ನು ಕೇಳುವ ಯೋಚನೆಯೂ ಅವಳಿಗೆ ಬರಲಿಲ್ಲ.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಅವಳು ಹೇಳಿದಳು, "ಲೈಲ್, ಆ ದೋಣಿ ಗಾಳಿ ಪೂರ್ತಿ ತೆಗೆದು ಮಡಚಿ ಡಬ್ಬಕ್ಕೆ ಹಾಕ್ಬಿಡು. ಶನಿವಾರ ಜಾಯ್ಲೀನ್ ಬಂದು ಒಯ್ತಾಳೆ, ಚರ್ಚಿನ ಹಳೆ ಸಾಮಾನಿನ ಮಾರಾಟಕ್ಕೆ."

ಲೈಲ್ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆ ಎತ್ತಿದ. "ಮಡಚೋದಾ?"

"ಹೂಂ ಕಣೋ, ಮಡಚೋದೆ. ನಿನ್ನ ಜಿಂಕೆಗೆ ಇಡೀ ತೊಲೆ ಸಿಗುತ್ತೆ, ಖುಷಿಪಡು."

ಅವನು ಖುಷಿಪಟ್ಟಂತೆ ಕಾಣಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ. ತನ್ನ ಸಂಕಟ ಹೊರಗೆ ಕಾಣದಂತೆ ನೋಡಿಕೊಳ್ಳುವುದರಲ್ಲೇ ಅವಳಿಗೆ ಸಾಕುಸಾಕಾಗಿತ್ತು.

ಹೆಗಲು ಹೊಲಿಸಿಕೊಂಡು ಮನೆಗೆ ಬಂದವಳು ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ಸೋಫಾದಲ್ಲಿ ಬಿದ್ದುಕೊಂಡಳು. ಮಾತ್ರೆಯ ಮಂಪರು. ಹೊರಗೆ ಹಿಮ ಬೀಳುತ್ತಿತ್ತು, ಒಳಗೆ ಸೌದೆ ಒಲೆ ಕೆಂಪಗೆ ಉರಿಯುತ್ತಿತ್ತು. ಲೈಲ್ ಗ್ಯಾರೇಜಿಗೂ ಮನೆಗೂ ಓಡಾಡುವ ಸದ್ದು ಕೇಳಿಸಿತು, ಏನೋ ಬಾಗಿಲಿಗೆ ಸಿಕ್ಕಿಕೊಂಡಿತು, ಅವನು ಮೆಲ್ಲಗೆ ಬೈದುಕೊಂಡ. ಮಡಚುತ್ತಿದ್ದಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಸಂಜೆ ಇಬ್ಬರೂ ಊಟಕ್ಕೆ ಕುಳಿತಿದ್ದರು. ಲೈಲ್ ಮಾಡಿದ ಜಿಂಕೆ ಮಾಂಸದ ಸಾರು ಉಪ್ಪುಪ್ಪಾಗಿತ್ತು. ಆರ್ಡಿಸ್ ಎಡಗೈಯಲ್ಲಿ ಎರಡನೆಯ ಚಮಚ ಎತ್ತುವಷ್ಟರಲ್ಲಿ ಒಳಗಿನ ಕೋಣೆಯಿಂದ ಢಂ ಎಂದಿತು. ಲೈಲ್ ಮೇಜಿನ ಕೆಳಗೆ ಕುಸಿದ. "ಯಾವನೋ ಗುಂಡು ಹಾರಿಸ್ದ! ಬಗ್ಗು, ಆರ್ಡಿಸ್!"

"ನಮ್ಮ ಮನೆ ರೂಮಲ್ಲಿ ಯಾರಿಗೆ ಗುಂಡು ಹಾರಿಸ್ತಾನೆ? ಎದ್ದು ಬಾ."

ನೆಂಟರ ಕೋಣೆಯ ಬಾಗಿಲು ತೆರೆದರೆ ಮಂಚದ ತುಂಬ ದೋಣಿ. ಒಂದು ಕೊಳವೆ ಕಲ್ಲಿನಂತೆ ಬಿಗಿದುಕೊಂಡಿತ್ತು. ಇನ್ನೊಂದರ ಜಿಪ್ಪು ಕಿತ್ತುಬಂದು, ಒಳಗಿನ ರಬ್ಬರ್ ಚೀಲ ಬೆರಳುದ್ದ ಹರಿದು ಹೊರಗೆ ಜೋತಾಡುತ್ತಿತ್ತು. ಗೋಡೆಯಾಚೆಯೇ ಒಲೆ; ಕೋಣೆ ಕಾದು ಬೆಚ್ಚಗಿತ್ತು.

"ಮೊದಲು ಆ ಕಡೇದರ ವಾಲ್ವ್ ಬಿಚ್ಚು!" ಎಂದಳು ಆರ್ಡಿಸ್. ಅವನು ಬಿಚ್ಚಿದ. ಗಾಳಿ ಹುಸ್ಸೆಂದು ಇಳಿಯಿತು. "ಗಾಳಿ ಎಲ್ಲಿ ತುಂಬಿದ್ಯೋ?"

"ಗ್ಯಾರೇಜಲ್ಲಿ."

"ಎಷ್ಟು?"

"ಗಟ್ಟಿ ಆಗೋ ತನಕ. ಚೆನ್ನಾಗಿರ್ಲಿ ಅಂತ ಇನ್ನೂ ನಾಕು ಸಲ ಜಾಸ್ತಿ ಪಂಪು ಒತ್ತಿದೆ."

"ಆ ಹಿಮದಂಥ ಗ್ಯಾರೇಜಲ್ಲಿ ಗಟ್ಟಿ ಮಾಡಿ ತಂದು ಒಲೆ ಪಕ್ಕ ಮಲಗಿಸಿದ್ಯಾ? ಬಿಸಿಗೆ ಗಾಳಿ ಉಬ್ಬಲ್ವಾ ಮಾರಾಯ? ಬೇಸಿಗೇಲಿ ಟ್ರಕ್ ಟೈರ್ ನೋಡ್ಕೊಳ್ತೀಯಲ್ಲ, ಅಷ್ಟೂ ತಿಳೀಲಿಲ್ವಾ?"

"ಟೈರ್ ಬೇರೆ ದೋಣಿ ಬೇರೆ ಅಂದ್ಕೊಂಡೆ."

"ನಾನು ಹೇಳಿದ್ದು ಮಡಚು ಅಂತ."

ಲೈಲ್ ಮಂಚದ ತುದಿಯಲ್ಲಿ ಕುಳಿತು ಕುತ್ತಿಗೆ ಕೆರೆದುಕೊಂಡ. "ಮಡಚೋಕೆ ಕೂತೆ ಕಣೆ. ಒಂದು ಮಡಿಕೆ ಹಾಕ್ದೆ. ಕೈ ಬರ್ಲಿಲ್ಲ. ಚಳಿಗೆ ಸೀಳುತ್ತೆ ಅಂತಿದ್ಯಲ್ಲ, ಅದಕ್ಕೇ ಬೆಚ್ಚಗಿರ್ಲಿ ಅಂತ ಒಳಗೆ ತಂದೆ. ನಾನು ಈ ದರಿದ್ರ ದೋಣಿನ ಬೈದಷ್ಟು ಇನ್ಯಾರನ್ನೂ ಬೈದಿಲ್ಲ. ಆದ್ರೆ ನದಿಯಿಂದ ಬಂದ ದಿನ ನೀನು ಅಡುಗೆಮನೇಲಿ ಹಾಡ್ಕೊಳ್ತಿರ್ತೀಯ. ಅದನ್ನೂ ಜಾಯ್ಲೀನ್ ಟ್ರಕ್ಕಿಗೆ ಹಾಕಿ ಕಳಿಸ್ದಂಗೆ ಅನ್ನಿಸ್ತು."

ತಾನು ಹಾಡಿಕೊಳ್ಳುತ್ತೇನೆಂಬುದೇ ಆರ್ಡಿಸಳಿಗೆ ಗೊತ್ತಿರಲಿಲ್ಲ. ಅವಳಿಗೆ ಮೊದಲು ನಗು ಬಂತು, ನಕ್ಕರೆ ಹೆಗಲು ಚುಚ್ಚಿತು, ಚುಚ್ಚಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಬಂದ ನೀರಿಗೆ ಹೆಗಲು ಕಾರಣವಾಗಿರಲಿಲ್ಲ.

ಶನಿವಾರ ಜಾಯ್ಲೀನ್ ಬಂದಳು. ಚರ್ಚಿನ ಮಾರಾಟ ನಡೆಸುವವಳು ಅವಳೇ. ಬಾಯಿ ಜೋರು, ಆರ್ಡಿಸಳ ಜೊತೆ ಶಾಲೆಯಲ್ಲಿ ಸೌಟು ಹಿಡಿದವಳು. ಒಳಗೆ ನೋಡಿದರೆ ಲೈಲ್ ನೆಲದ ಮೇಲೆ ಮಂಡಿಯೂರಿ, ಹರಿದ ಚೀಲಕ್ಕೆ ಮರಳುಕಾಗದ ಉಜ್ಜುತ್ತಿದ್ದ. ಪಕ್ಕದಲ್ಲಿ ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ಟ್ಯೂಬು. ಆರ್ಡಿಸ್ ಮಂಚದ ಮೇಲೆ ಕುಳಿತು ಅಪ್ಪಣೆ ಕೊಡುತ್ತಿದ್ದಳು.

"ಇಲ್ಲಿ ರೋಗಿ ಯಾರು?" ಎಂದಳು ಜಾಯ್ಲೀನ್.

"ಇಬ್ಬರು," ಎಂದ ಲೈಲ್. "ಇದು ಸ್ವಲ್ಪ ಹೇಳಿದ ಮಾತು ಕೇಳುತ್ತೆ."

"ಇನ್ನೂ ಉಜ್ಜು. ಹೊಳಪು ಹೋಗ್ಲಿಲ್ಲ ಅಂದ್ರೆ ತೇಪೆ ಕೂರಲ್ಲ," ಎಂದಳು ಆರ್ಡಿಸ್.

"ಹಾಗಾದ್ರೆ ನನ್ನ ಮಾರಾಟಕ್ಕೆ ಏನು ಕೊಡ್ತೀರಿ?"

"ನಡುಮನೆ ಗೋಡೆಗೆ ಹೊಡೆದಿರೋ ಜಿಂಕೆ ತಲೆ ತಗೊಂಡು ಹೋಗು."

"ಏಯ್!" ಎಂದ ಲೈಲ್.

ಜಾಯ್ಲೀನ್ ನಕ್ಕಳು. ನಕ್ಕು ಮುಗಿಸಿ, ಹಳೆಯ ಗೆಳತಿಯರು ಮಾತ್ರ ಕೇಳಬಹುದಾದದ್ದನ್ನು ಕೇಳಿಯೇಬಿಟ್ಟಳು. "ಅಲ್ಲ ಕಣೆ, ತೇಪೆ ಹಾಕ್ಸಿ ಏನು ಮಾಡ್ತೀಯ? ಇದನ್ನ ನೀರಿನ ತನಕ ಹೊರೋರು ಯಾರು?"

ಆರ್ಡಿಸಳ ಮುಖ ಸಣ್ಣಗಾಯಿತು. ಆ ಪ್ರಶ್ನೆಯನ್ನು ಅವಳು ತಿಂಗಳಿಂದ ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳು.

"ನಾನು," ಎಂದ ಲೈಲ್, ತಲೆ ಎತ್ತದೆ.

"ನೀನಾ? ನೀರು ಕಂಡ್ರೆ ನಿನಗೆ ಜ್ವರ ಬರುತ್ತಲ್ಲೋ!" ಎಂದಳು ಜಾಯ್ಲೀನ್.

"ನೀರಿಗೆ ಇಳೀತೀನಿ ಅಂದ್ನಾ? ದಂಡೆ ತನಕ ಹೊರ್ತೀನಿ. ಅವಳು ತೇಲ್ಕೊಂಡು ಹೋಗ್ಲಿ, ನಾನು ಟ್ರಕ್ ತಗೊಂಡು ಕೆಳಗಿನ ಸೇತುವೆ ಹತ್ರ ಕಾಯ್ತೀನಿ. ಕಾಯೋಕೆ ಈಜು ಬರ್ಬೇಕಾ?"

ಆರ್ಡಿಸ್ ಅವನ ಬಗ್ಗಿದ ಬೆನ್ನನ್ನೇ ನೋಡಿದಳು. "ಬೆಳಗ್ಗೆ ಐದಕ್ಕೆಲ್ಲ ಹೊರಡ್ಬೇಕಾಗುತ್ತೆ."

"ಜಿಂಕೆಗೆ ನಾಕಕ್ಕೇ ಏಳ್ತೀನಿ. ನಿನಗೆ ಐದಕ್ಕೆ ಏಳಲ್ವಾ?"

ತೇಪೆ ಅಂಟಿಸಿ ಅದರ ಮೇಲೆ ಅಂಗೈ ಒತ್ತಿ ಹಿಡಿದು ಕುಳಿತ ಅವನು, ಎತ್ತು ಎನ್ನುವವರೆಗೂ ಎತ್ತುವವನಲ್ಲ ಎಂಬಂತೆ. ಆರ್ಡಿಸ್, ಜಾಯ್ಲೀನ್ ಇದ್ದಾಳೆಂದು ನೋಡದೆ ಎಡಗೈ ಚಾಚಿ ಅವನ ನರೆಗೂದಲಲ್ಲಿ ಬೆರಳಾಡಿಸಿದಳು.

"ಹಿಮ ಕರಗಿ ಉಕ್ಕಿದ ನದಿ ಇಳೀಲಿ," ಎಂದಳು. "ಜುಲೈಲಿ ಹೋಗೋಣ."